ಕೋಳಿಗೂಡಿನಿಂದ ಬಂದ ಹಾಲಿನ ಬೀರು

ಹಾನುಬಾಳಿನ ನಮ್ಮ ಮನೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದುದು ಒಂದು ಬೀರುವಿನೊಳಗೆ. ಮದುವೆಯಾಗಿ ಬಂದ ಮೇಲೆ ಮೂರು ವರ್ಷ ನಾನೂ ಅದನ್ನು ಕೋಳಿಗೂಡೆಂದೇ ತಿಳಿದಿದ್ದೆ. ಕೊಟ್ಟಿಗೆಯ ಮೂಲೆಯಲ್ಲಿ ಅಡ್ಡ ಮಲಗಿಸಿದ್ದ ಅದರ ಮೇಲೆ ಗೋಣಿಚೀಲಗಳನ್ನೂ ಕೆಟ್ಟುಹೋದ ಸ್ಪ್ರೇಯರನ್ನೂ ಹೇರಿದ್ದರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ಬೇಸಿಗೆ ರಜೆಯಲ್ಲಿ ಮೊಟ್ಟೆ ತೆಗೆಯಲು ಬಗ್ಗಿದಾಗ ಬಣ್ಣ ಎದ್ದುಹೋಗಿದ್ದ ಒಂದು ಕಡೆ ಹಳದಿ ಮರ ಕಂಡಿತು. ಉಗುರಿನಿಂದ ಕೆರೆದು ನೋಡಿದೆ. ಹಲಸು.

ನನ್ನಪ್ಪ ಆಲೂರಿನಲ್ಲಿ ಕ್ರಾಫ್ಟ್ ಮೇಷ್ಟ್ರಾಗಿದ್ದವರು. ಮುರಿದ ಕುರ್ಚಿ, ಕಾಲು ಹೋದ ಮೇಜು ಎಲ್ಲಿ ಕಂಡರೂ ಮನೆಗೆ ತಂದು ಸರಿಮಾಡುವುದು ಅವರ ಹವ್ಯಾಸ. ಉಳಿ, ಸುತ್ತಿಗೆ ಎತ್ತಿಕೊಡುತ್ತಾ ನಾನೂ ಅಷ್ಟಿಷ್ಟು ಕಲಿತಿದ್ದೆ. ಹೈಸ್ಕೂಲಿನಲ್ಲಿ ಪಾಠ ಹೇಳುವುದು, ಮನೆಗೆಲಸ ಇವುಗಳ ನಡುವೆ ಆ ಚಟ ಮರೆತೇ ಹೋಗಿತ್ತು.

ಬೀರು ಸರಿಮಾಡಲೇ ಎಂದು ಅತ್ತೆಯನ್ನು ಕೇಳಿದೆ. ಮೆಣಸು ಕೇರುತ್ತಿದ್ದ ಅವರು ತಲೆಯೆತ್ತದೆ, ಕೋಳಿಗೆ ಬೇರೆ ಜಾಗ ಮಾಡಿಕೊಟ್ಟು ಏನಾದರೂ ಮಾಡಿಕೋ ಎಂದರು. ನನ್ನ ಗಂಡ ನಕ್ಕು, ಸಕಲೇಶಪುರದಿಂದ ಹೊಸದೇ ತರಿಸಿಕೊಡುತ್ತೇನೆ ಎಂದರು. ನಾನು ಕೇಳಲಿಲ್ಲ.

ಇಬ್ಬರು ಆಳುಗಳು ಅದನ್ನು ಹೊತ್ತು ತಂದು ಜಗಲಿಯಲ್ಲಿಟ್ಟರು. ಕೋಳಿ ಹಿಕ್ಕೆ ತೊಳೆಯುವುದಕ್ಕೇ ಎರಡು ದಿನ ಹಿಡಿಯಿತು. ಆಮೇಲೆ ಎರಡು ಪದರ ಹಸಿರು ಬಣ್ಣ, ಅದರಡಿಯಲ್ಲಿ ಅಡುಗೆಮನೆಯ ಹೊಗೆಯ ಜಿಡ್ಡು. ಎರಡು ಬಾಗಿಲು, ಬಾಗಿಲ ತುಂಬ ತಂತಿಯ ಜಾಲರಿ, ಒಳಗೆ ಮೂರು ಹಲಗೆ. ಹಾಲು, ಮೊಸರು, ಬೆಣ್ಣೆ ಬೆಕ್ಕಿನ ಬಾಯಿಗೆ ಸಿಗದಿರಲೆಂದು ಮಾಡಿಸಿದ್ದ ಬೀರು. ಹಿಂದಿನ ಕೆಳಹಲಗೆಯನ್ನು ಗೆದ್ದಲು ತಿಂದಿತ್ತು. ಆತುರಕ್ಕೆ ಬಿದ್ದು ಸೋಡಾಪುಡಿ ಕಲಸಿದ ನೀರಿನಲ್ಲಿ ಬಣ್ಣ ಎಬ್ಬಿಸಲು ಹೋಗಿ ಒಂದು ಬಾಗಿಲಿನ ಚೌಕಟ್ಟನ್ನು ಕಪ್ಪು ಮಾಡಿಬಿಟ್ಟೆ. ಪಾಲಿಶ್ ಪೇಪರಿನಲ್ಲಿ ಅದನ್ನು ಉಜ್ಜಿ ಉಜ್ಜಿ ಮತ್ತೆ ಮರದ ಬಣ್ಣಕ್ಕೆ ತರುವಷ್ಟರಲ್ಲಿ ಬೆರಳ ತುದಿಯ ಚರ್ಮ ಸುಲಿದಿತ್ತು. ಆದರೂ ಬೆಳಿಗ್ಗೆ ಎದ್ದ ಕೂಡಲೇ ಮನಸ್ಸು ಜಗಲಿಗೆ ಓಡುತ್ತಿತ್ತು. ಎಡಬಾಗಿಲ ಜಾಲರಿಯ ಮೂಲೆಯಲ್ಲಿ ಎರಡು ಬೆರಳು ತೂರುವಷ್ಟು ತೂತಿಗೆ ಬೇರೆ ತಂತಿಯಿಂದ ಹೊಲಿದು ತೇಪೆ ಹಾಕಿದ್ದರು. ಇಲಿಯ ಕೆಲಸವಿರಬೇಕು ಎಂದುಕೊಂಡೆ.

ಅತ್ತೆ ಮಾತ್ರ ಜಗಲಿಗೆ ಬರುವುದನ್ನೇ ಕಡಿಮೆ ಮಾಡಿದ್ದರು. ಸಂಜೆ ಅಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವರು ಈಗ ಹಿತ್ತಲಿಗೆ ಹೋಗುತ್ತಿದ್ದರು. ದೂಳಿಗೆ ಬೇಸರವಾಗಿರಬೇಕೆಂದು ದಿನಕ್ಕೆರಡು ಸಲ ಗುಡಿಸಿದೆ.

ಕೊನೆಗೆ ಬೀಗವೊಂದು ಉಳಿಯಿತು. ಬಾಗಿಲೊಳಗೆ ಕೂರಿಸಿದ ಹಿತ್ತಾಳೆಯ ಬೀಗ, ಕೀ ಇರಲಿಲ್ಲ. ಅಪ್ಪನಿಗೆ ಹೇಳಿಕಳಿಸಿದೆ. ಹಳೆಯ ಕೀಗಳ ಗೊಂಚಲು, ಒಂದು ಅರ ಹಿಡಿದುಕೊಂಡು ಅವರು ಬೆಳಗಿನ ಬಸ್ಸಿಗೇ ಬಂದರು. ಅತ್ತೆ ಅವರಿಗೆಂದು ಕಡುಬು ಬೇಯಿಸಿ ಎದುರು ನಿಂತು ಬಡಿಸಿದರು. ತಿಂಡಿ ಮುಗಿಸಿ ಅಪ್ಪ ಒಂದೊಂದೇ ಕೀ ಹಾಕಿ ನೋಡಿದರು, ಹೊಂದಬಹುದಾದ ಒಂದನ್ನು ಅರದಲ್ಲಿ ತೀಡುತ್ತಾ ಕೂತರು. ಮಧ್ಯಾಹ್ನ ಅದು ತಿರುಗಿತು. ಅಷ್ಟರಲ್ಲಿ ಕಾಫಿ ತಂದ ಅತ್ತೆಗೆ ನಾನೇ ಸಂಭ್ರಮದಿಂದ ಬಾಗಿಲು ಮುಚ್ಚಿ ಕೀ ತಿರುಗಿಸಿ ತೋರಿಸಿದೆ. ಟಕ್ ಎಂದಿತು. ಅತ್ತೆ ಲೋಟಗಳನ್ನು ಅಲ್ಲೇ ಇಟ್ಟು ಒಳಗೆ ಹೋದರು. ಅಪ್ಪ ಹೊರಟಾಗಲೂ ಹೊರಗೆ ಬರಲಿಲ್ಲ.

ಮಗಳನ್ನು ಕೊಟ್ಟ ಮನೆಯಲ್ಲಿ ತಾನು ಹೀಗೆ ಕೈಯಾಡಿಸಬಾರದಿತ್ತೇನೋ ಎಂದು ಅಪ್ಪ ಬಸ್ಸು ಬರುವವರೆಗೂ ಹೇಳುತ್ತಲೇ ಇದ್ದರು. ಅವರ ಮುಖ ನೋಡಿ ನನಗೆ ಅತ್ತೆಯ ಮೇಲೆ ಸಿಟ್ಟು ಬಂತು. ಮಾರನೆಯ ಬೆಳಿಗ್ಗೆ ಕಣದಲ್ಲಿ ಇಬ್ಬರೂ ಮೆಣಸು ಹರವುತ್ತಿದ್ದಾಗ, ನಮ್ಮಪ್ಪ ಏನು ತಪ್ಪು ಮಾಡಿದರು ಎಂದು ನೇರವಾಗಿ ಕೇಳಿಬಿಟ್ಟೆ.

"ನಿಮ್ಮಪ್ಪಂದು ಏನೈತೆ ತಪ್ಪು," ಎಂದರು ಅತ್ತೆ. "ಆ ಸದ್ದು ಕೇಳಿ ಎಷ್ಟು ವರ್ಷ ಆಗಿತ್ತೋ. ನಿಲ್ಲಕ್ಕಾಗ್ಲಿಲ್ಲ ಕಣವ್ವ."

ಮೆಣಸಿನಲ್ಲಿ ಕೈಯಾಡಿಸುತ್ತಲೇ ಅವರು ಹೇಳಿದರು. ಅವರು ಸೊಸೆಯಾಗಿ ಬಂದಾಗ ಮನೆಯಲ್ಲಿ ಎಂಟು ಹಸುಗಳಿದ್ದವಂತೆ. ಹಾಲು, ಮೊಸರೆಲ್ಲ ಆ ಬೀರುವಿನಲ್ಲಿ. ಕೀ ಅವರ ಅತ್ತೆಯ ಸೊಂಟದಲ್ಲಿ. ಸೊಸೆಯ ತಟ್ಟೆಗೆ ನೀರು ಮಜ್ಜಿಗೆ. ಚೊಚ್ಚಲು ಬಸುರಿ, ಏಳು ತಿಂಗಳು ತುಂಬಿತ್ತು, ಗಟ್ಟಿ ಮೊಸರಿನ ಬಯಕೆ ಹಗಲಿರುಳು ಕಾಡುತ್ತಿತ್ತು. ಬಾಯಿಬಿಟ್ಟು ಕೇಳಲು ಸಂಕೋಚ. ಒಂದು ದಿನ ಎಲ್ಲರೂ ನಾಟಿಗೆಂದು ಗದ್ದೆಗೆ ಹೋಗಿದ್ದಾಗ, ತಲೆಯ ಪಿನ್ನಿನಿಂದ ಜಾಲರಿ ಬಿಡಿಸಿ, ಎರಡು ಬೆರಳು ತೂರಿಸಿ ಮೊಸರು ತೆಗೆದು ನೆಕ್ಕಿದ್ದರು. ಸಂಜೆ ಅವರ ಅತ್ತೆ ತೂತು ನೋಡಿದರು. ಬೈಯಲಿಲ್ಲ. ಮಗನನ್ನು ಕರೆದು ತಂತಿ ಕೊಟ್ಟರು.

"ನಿಮ್ಮಾವನೇ ಹೊಲ್ದಿದ್ದು. ನಾನು ಅಲ್ಲೇ ನಿಂತಿದ್ದೆ. ಯಾಕೆ ಅಂತ ಒಂದು ಮಾತು ಕೇಳ್ಲಿಲ್ಲ."

ಇನ್ನೊಂದು ಮಂಕರಿ ಮೆಣಸು ಸುರಿದು ಹರವುತ್ತಾ ಮತ್ತೆ ಹೇಳಿದರು. "ನಮ್ಮತ್ತೆನೂ ಕೆಟ್ಟೋಳಲ್ಲ. ಅವಳತ್ತೆ ಬೀಗ ಹಾಕಿದ್ಲಂತೆ, ಇವಳೂ ಹಾಕಿದ್ಲು. ನನ್ನ ಕೈಗೆ ಕೀ ಬಂದ ದಿವ್ಸ ಅದನ್ನ ಹೊಳೆಗೆ ಎಸ್ದು, ಬೀರುನ ಕೋಳಿಗೆ ಕೊಟ್ಬುಟ್ಟೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಆ ಮನೆಗೆ ಬಂದ ದಿನದಿಂದ ಅತ್ತೆ ನನ್ನ ತಟ್ಟೆಗೆ ಕೇಳದೆಯೇ ಮೊಸರು ಹಾಕುತ್ತಿದ್ದರು. ಬೇಡವೆಂದು ಕೈ ಅಡ್ಡ ಹಿಡಿದರೂ ಬಿಡುತ್ತಿರಲಿಲ್ಲ. ಅದನ್ನೊಂದು ಬಲವಂತವೆಂದು ನಾನು ಗಂಡನ ಬಳಿ ದೂರಿದ್ದೂ ಉಂಟು.

ಬೀರುವನ್ನು ಕೊಟ್ಟಿಗೆಗೇ ಸಾಗಿಸುತ್ತೇನೆ ಎಂದೆ. ಅತ್ತೆ ಯೋಚಿಸಿ ಬೇಡವೆಂದರು. "ಇಷ್ಟು ದಿವ್ಸ ತಿಕ್ಕಿದ್ದೀಯ, ಮುಗ್ಸು. ಬೀಗ ಕಿತ್ತಾಕು. ಅಡ್ಗೆಮನೆಗೆ ಮಾತ್ರ ತರ್ಬೇಡ."

ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅತ್ತೆಯ ಕತೆಗೆ ಅವರು ಮರುಗಿದರು. ಆದರೂ ಅಂಥ ಹಿತ್ತಾಳೆ ಈಗ ಸಿಗುವುದಿಲ್ಲ, ಹಳೆಯದನ್ನು ಇದ್ದ ಹಾಗೆಯೇ ಉಳಿಸುವುದು ಈ ಕೆಲಸದ ಧರ್ಮ ಎಂದು ಮೆಲ್ಲಗೆ ಹೇಳಿದರು. ನಾನೂ ಹಾಗೆಯೇ ನಂಬಿ ಕೆಲಸ ಶುರುಮಾಡಿದ್ದೆ. ಆದರೆ ಇದ್ದ ಹಾಗೆ ಎಂದರೆ ಯಾರಿಗೆ ಇದ್ದ ಹಾಗೆ? ಜಾಲರಿಯ ಈಚೆ ನಿಂತಿದ್ದವರು ಒಬ್ಬರು ಬದುಕಿರುವಾಗ ಅದನ್ನು ತೀರ್ಮಾನಿಸಲು ನಾನು ಯಾರು ಎನ್ನಿಸಿತು. ಬೀಗ ಕಿತ್ತು, ಆ ಗುಳಿಗೆ ಹಲಸಿನ ತುಂಡು ಕೂರಿಸಿದೆ. ಅದು ಬಣ್ಣದಲ್ಲಿ ಉಳಿದ ಮರಕ್ಕೆ ಹೊಂದಲಿಲ್ಲ.

ಜಾಲರಿಯನ್ನೂ ಬದಲಿಸಲೇ ಎಂದು ಕೇಳಿದೆ. ಅತ್ತೆ ತೇಪೆಯ ಮೇಲೆ ಬೆರಳಾಡಿಸಿ, ಅದು ಇರಲಿ ಎಂದರು. ಮಾವ ತೀರಿಕೊಂಡು ಆಗ ಆರು ವರ್ಷವಾಗಿತ್ತು.

ಪಾಲಿಶ್ ಹಚ್ಚುವ ದಿನ ಅವರು ಬಂದು ನನ್ನ ಪಕ್ಕ ಕೂತರು. ನಾನು ಬಟ್ಟೆಯುಂಡೆಯಿಂದ ಹಚ್ಚಿದಲ್ಲೆಲ್ಲ ಗೆರೆ ಏಳುತ್ತಿತ್ತು. ಅತ್ತೆ ಅದನ್ನು ಕೈಯಿಂದ ಇಸಿದುಕೊಂಡರು. ವರ್ಷಾನುಗಟ್ಟಲೆ ನೆಲ ಸಾರಿಸಿದ ಕೈ. ಒಂದೇ ಬೀಸಿಗೆ ಹಲಗೆಯ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿತ್ತು. ಹಾಗೇ ಹಚ್ಚುತ್ತಾ ಮಾರನಹಳ್ಳಿಯ ಕಡೆಯ ತಮ್ಮ ತವರಿನ ಮಾತು ತೆಗೆದರು. ಅಲ್ಲಿ ಅವರಿಗೊಬ್ಬ ಅಕ್ಕ ಇದ್ದದ್ದು, ಇಬ್ಬರೂ ಸೇರಿ ಘಾಟಿಯ ರಸ್ತೆಯಲ್ಲಿ ಲಾರಿ ಎಣಿಸುತ್ತಾ ಕೂರುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ. ಒಂದು ಬಾಗಿಲು ಒಣಗುವಷ್ಟರಲ್ಲಿ ಅವರು ಇನ್ನೊಂದಕ್ಕೆ ಕೈ ಹಾಕಿದ್ದರು.