ಬಸ್ ನಿಲ್ದಾಣದಲ್ಲಿ ತಿದ್ದಿದ ಚಿತ್ರ

ನಿಮ್ಮ ಕೆಲಸದಲ್ಲಿ ಯಾರೂ ಕುಂದು ಹೇಳದಿರುವುದು ಅದು ಚೆನ್ನಾಗಿರುವುದರಿಂದಲೋ, ಅದನ್ನು ಯಾರೂ ನೋಡದಿರುವುದರಿಂದಲೋ?

ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಪಾಠ ಮಾಡುತ್ತಿದ್ದ ಶಾಲೆಗೆ ಬಂದ ಚಿತ್ರಕಲಾ ಶಿಕ್ಷಕರು ಶನಿವಾರ ಮಧ್ಯಾಹ್ನ ಪುತ್ತೂರಿನ ಬಸ್ ನಿಲ್ದಾಣದಲ್ಲಿ ತಮ್ಮ ನವ್ಯಚಿತ್ರಗಳನ್ನು ಹಗ್ಗಕ್ಕೆ ತೂಗುಹಾಕುತ್ತಿದ್ದರು. ಬಸ್ಸು ಕಾಯುವವರನ್ನು ಕರೆದು, ಕನ್ನಡಕವನ್ನು ಹಣೆಗೇರಿಸಿ, "ಎಂತ ಕಾಣ್ತದೆ, ಹೇಳಿ ಮಾರಾಯ್ರೆ" ಎನ್ನುತ್ತಿದ್ದರು. ಕಲೆ ಜನರದಾಗಬೇಕೆಂದು ವೇದಿಕೆಗಳಲ್ಲಿ ವಾದಿಸುತ್ತಿದ್ದ ನನಗೆ ಅದು ಅಗ್ಗದ ಪ್ರಚಾರವಾಗಿ ಕಂಡಿತ್ತು. ನಾನೂ ಚಿತ್ರ ಬರೆಯುತ್ತಿದ್ದೆ, ಅವು ಪೆಟ್ಟಿಗೆಯಲ್ಲಿದ್ದವು.

ಒಮ್ಮೆ ಆಲೆಟ್ಟಿಗೆ ಹೊರಟಿದ್ದ ಹೆಂಗಸೊಬ್ಬರು ಕೇಳಿದರು: "ಇದು ಹಟ್ಟಿಯಾ ಮಾಸ್ಟ್ರೇ? ದನ ಕಟ್ಟುವಲ್ಲಿ ಇಷ್ಟು ಬೆಳಕು ಎಲ್ಲುಂಟು? ನೀವು ಒಂದು ದಿನ ಆದ್ರೂ ಸೆಗಣಿ ಬಾಚಿದ್ದುಂಟಾ?"

ಜನ ನಕ್ಕರು. "ಹೌದಲ್ಲ!" ಎಂದ ಶಿಕ್ಷಕರು ಅಲ್ಲೇ ಕುಳಿತು ಹಳದಿಯ ಮೇಲೆ ಕಂದು ಬಳಿದರು. ಬಸ್ಸು ಹೊರಟುಹೋದರೂ ಆಕೆ ನಿಂತು ನೋಡಿದರು.

ಆ ಚಿತ್ರ ಮುಂದೆ ಬೆಂಗಳೂರಿನ ಪ್ರದರ್ಶನಕ್ಕೆ ಆಯ್ಕೆಯಾಯಿತು. ಪತ್ರಿಕೆಗಳಲ್ಲಿ ಅವರ ಹೆಸರು ಬಂತು. ಅದನ್ನು ಓದಿ ನನಗೆ ಹೊಟ್ಟೆ ಉರಿಯಿತು. ಆ ಹೆಂಗಸನ್ನು ನೆನೆದಾಗ ಇಂದಿಗೂ ಉರಿಯುತ್ತದೆ: ನನ್ನ ಚಿತ್ರಕ್ಕಾಗಿ ಬಸ್ಸು ತಪ್ಪಿಸಿಕೊಂಡವರು ಯಾರೂ ಇಲ್ಲ.

ನಿಮ್ಮೂರಿನಲ್ಲಿ ಚಿತ್ರ ಬರೆಯುವವರಿದ್ದರೆ ದಯವಿಟ್ಟು ಅವರ ಮನೆಗೆ ಹೋಗಿ, ಚಿತ್ರಗಳನ್ನು ತೋರಿಸಿ ಎಂದು ಕೇಳಿ, ನೋಡಿ, ಅನಿಸಿದ್ದನ್ನು ಅವರೆದುರೇ ಹೇಳಿ.