ಪರದೆಗೆ ಹಾಕಿದ ಪ್ರದಕ್ಷಿಣೆ

ಮೊನ್ನೆ ಮದುವೆ ಚಪ್ಪರದ ಹಿಂದೆ ಜನರೇಟರ್ ಚಾಲೂ ಮಾಡಿದರು. ಅದರ ಡೀಸೆಲ್ ಹೊಗೆ ಮೂಗಿಗೆ ಬಡಿದದ್ದೇ, ಎಲೆ ಮುಂದೆ ಕೂತಿದ್ದ ನನಗೆ ಸಿನೆಮಾ ಸಾಬರು ನೆನಪಾದರು…

ಅರವತ್ತರ ದಶಕದ ಮಾತು. ಊರೂರಿಗೆ ಜನರೇಟರ್ ಹೊತ್ತ ಸರ್ಕಾರದ ಸಿನೆಮಾ ವ್ಯಾನು ತರುತ್ತಿದ್ದ ಅವರು ಯಲ್ಲಾಪುರದವರು. ಡ್ರೈವರೂ ಅವರೇ, ಚಿತ್ರ ತೋರಿಸುವವರೂ ಅವರೇ. ನಮ್ಮ ಗುಡ್ನಾಪುರದ ಕೆರೆ ಹತ್ತಿರ ವ್ಯಾನು ಕೆಸರಲ್ಲಿ ಹೂತರೆ ನನ್ನ ಎತ್ತುಗಳೇ ಎಳೆಯಬೇಕು. ಶಾಲೆಯನ್ನು ಬೇಗ ಬಿಟ್ಟವನು ನಾನು. ಆದರೆ ಅಂಥ ಜೋಡಿ ಎತ್ತು ಆ ಸುತ್ತಿನಲ್ಲಿ ಇನ್ನೊಬ್ಬರು ಕಟ್ಟಿರಲಿಲ್ಲ. ಹಾಗಾಗಿ ಸಾಬರಿಗೂ ನನಗೂ ಸಲಿಗೆ.

ಆ ಸಂಜೆ ಅವರು ತಂದದ್ದು ದೇಶದ ಬೆಟ್ಟ, ನದಿ, ಮರಳುಗಾಡು ತೋರಿಸುವ ಚಿತ್ರ. ಗಂಗೆಯೂ ಬರುತ್ತಾಳೆಂದು ಹೇಳಿದ್ದರಿಂದ ನಮ್ಮಜ್ಜಿ ತಲೆಗೆರೆದುಕೊಂಡು, ಮಡಿ ಸೀರೆಯುಟ್ಟು ಮುಂದೆಯೇ ಕೂತಿದ್ದಳು. ಊರವರು ಕಾಶಿಗೆ ಹೋದಾಗ ಮೊಣಕಾಲು ನೋವಿನಿಂದ ಊರಲ್ಲೇ ಉಳಿದವಳು. ಗಂಗೆಯನ್ನು ಕಾಣಬೇಕೆಂಬುದು ಅವಳಿಗೆ ಉಳಿದಿದ್ದ ಒಂದೇ ಆಸೆ.

ಪರದೆ ಮೇಲೆ ಗಂಗೆ ಬಂದಳೋ ಇಲ್ಲವೋ, ಅಜ್ಜಿ ಎದ್ದು ಕೈಮುಗಿದು ಪರದೆಗೆ ಪ್ರದಕ್ಷಿಣೆ ಹೊರಟಳು! ನದಿಯ ತುಂಬ ಅವಳದೇ ನೆರಳು.

"ಏ ಮುದುಕಿ, ಕುಂಡ್ರಬೇ!" ಜನ ಕೂಗಿದರು.

ಅವಳು ಕುಂಟುತ್ತ ಪರದೆಯ ಕಂಬ ಮುಟ್ಟುವಷ್ಟರಲ್ಲಿ ಗಂಗೆ ಹೋಗಿ ಮರಳುಗಾಡು ಬಂತು. ಅಜ್ಜಿ ಅಲ್ಲೇ ನಿಂತು ಅತ್ತಳು. "ಸುತ್ತು ಅರ್ಧಕ್ಕ ನಿಂತ್ಹೋತಲ್ಲೋ ತಮ್ಮಾ…"

ಸಾಬರು ಯಂತ್ರ ನಿಲ್ಲಿಸಿದರು. "ಅಳಬ್ಯಾಡಬೇ ಯವ್ವಾ, ಗಂಗಮ್ಮನ್ನ ವಾಪಸ್ ಕರೀತೀನಿ," ಎಂದು ರೀಲನ್ನು ಹಿಂದಕ್ಕೆ ಸುತ್ತತೊಡಗಿದರು.

"ಗಂಗಮ್ಮನ್ನ ಅಲ್ಲೇ ನಿಂದರಸಾಕ ಬರಾಂಗಿಲ್ಲೇನ್ರಿ?" ಎಂದೆ.

"ನಿಂದ್ರಿಸಿದ್ರ ದೀಪದ ಕಾವಿಗೆ ರೀಲ್ ಸುಡ್ತೈತಿ. ನಿನ್ನ ಎತ್ತಿನಂಗ ಬೆಳದೀಯಲ್ಲ, ಹೊತ್ಕೊಂಡು ಓಡು!"

ಗಂಗೆ ಮತ್ತೆ ಬಂದಳು. ಅಜ್ಜಿಯನ್ನು ಬೆನ್ನಿಗೇರಿಸಿಕೊಂಡು ಓಡಿದೆ. ಪರದೆಯ ಹಿಂದಿನಿಂದ ಕಂಡ ನದಿ ಉಲ್ಟಾ ಹರಿಯುತ್ತಿತ್ತು. ಬೈದವರೇ ಈಗ "ಭಲೇ, ಓಡೋ!" ಅನ್ನುತ್ತಿದ್ದರು. "ಸಾವಕಾಶ ಹೋಗೋ, ದೇವರ ಮುಂದ ಓಡಬಾರದು!" ಎಂದು ಅಜ್ಜಿ ನನ್ನ ಕಿವಿ ಹಿಂಡಿದಳು. ನಾನು ನಿಲ್ಲಲಿಲ್ಲ. ಸುತ್ತು ಮುಗಿದ ಮೇಲೆಯೇ ಮರಳುಗಾಡು ಬಂತು. ಅಜ್ಜಿ ನೆಟ್ಟಗೆ ವ್ಯಾನಿನ ಬಳಿ ಹೋಗಿ ಸಾಬರ ತಲೆ ಮೇಲೆ ಕೈಯಿಟ್ಟಳು…

ಎಷ್ಟೋ ವರ್ಷದ ಮೇಲೆ ಸ್ವಂತ ದುಡಿಮೆಯಲ್ಲಿ ಕಾಶಿಗೆ ಹೋಗಿಬಂದೆ. ಸಾಬರಿಗೆ ಹೇಳಬೇಕೆಂದು ಯಲ್ಲಾಪುರಕ್ಕೆ ಹೋದರೆ, ಅವರು ತೀರಿಕೊಂಡು ಆಗಲೇ ವರ್ಷವಾಗಿತ್ತು. ಹೇಳಬೇಕಿದ್ದದ್ದು ಇಷ್ಟೇ: ಗಂಗೆ ಬಹಳ ದೊಡ್ಡವಳು, ಸಾಬರೇ, ಯಾರನ್ನು ಹೊತ್ತು ಎಷ್ಟು ಓಡಿದರೂ ಅವಳಿಗೊಂದು ಸುತ್ತು ಹಾಕಲಾಗುವುದಿಲ್ಲ. ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಸಂಜೆ ಇದ್ದವರು ಈಗ ಊರಲ್ಲಿ ಉಳಿದಿಲ್ಲ; ಯಾರಿಗೆ ಹೇಳಿದರೂ, ಮೊದಲು ಇಡೀ ಕಥೆ ಹೇಳಬೇಕಾಗುತ್ತದೆ.