ಅವ್ವ ಕಟ್ಟಿದ ದಾರ

ನಾವು ಕಾಲೇಜಿನಲ್ಲಿ ಕಟ್ಟುತ್ತಿದ್ದ ಉಪಗ್ರಹ ಒಂದು ತೆಂಗಿನಕಾಯಿಯಷ್ಟಿತ್ತು. ಗೌಂಡಿಗಳು ಅಳತೆಗೆ ಬಳಸುವ ಉಕ್ಕಿನ ಟೇಪನ್ನೇ ಕತ್ತರಿಸಿ ಅದಕ್ಕೆ ಆಂಟೆನಾ ಮಾಡಿದ್ದೆವು. ಅದನ್ನು ಮಡಚಿ ನೈಲಾನ್ ಎಳೆಯಿಂದ ಬಿಗಿದಿದ್ದೆವು. ಸಂದೇಶ ಬಂದೊಡನೆ ಸಣ್ಣ ತಂತಿಯೊಂದು ಕಾದು ಆ ಎಳೆಯನ್ನು ಸುಡಬೇಕು, ಆಂಟೆನಾ ಚಿಮ್ಮಿ ತೆರೆದುಕೊಳ್ಳಬೇಕು.

ದಸರೆ ರಜೆಯಲ್ಲಿ ತೊರಗಲ್ ಕೋಟೆಯ ಮೇಲೆ ಪರೀಕ್ಷಿಸೋಣವೆಂದು ಅದನ್ನು ಯರಗಟ್ಟಿಯ ನಮ್ಮ ಮನೆಗೆ ತಂದಿಟ್ಟಿದ್ದೆ. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಹೊಲಿಗೆ ಮಷೀನು, ಟ್ರ್ಯಾಕ್ಟರುಗಳಿಗೆ ಕುಂಕುಮ ಹಚ್ಚಿದ ಅವ್ವ ಇದನ್ನೂ ಬಿಡಲಿಲ್ಲ.

ಮರುದಿನ ಕೋಟೆಯ ಮೇಲೆ ಎಷ್ಟು ಸಲ ಸಂದೇಶ ಕಳಿಸಿದರೂ ಆಂಟೆನಾ ತೆರೆಯಲಿಲ್ಲ. ಜೊತೆಗೆ ಬಂದಿದ್ದ, ಅದರ ಪ್ರೋಗ್ರಾಮ್ ಬರೆದಿದ್ದ ಗೆಳತಿಯ ಮೇಲೆ ಹರಿಹಾಯ್ದೆ. ಅವಳು ಉಪಗ್ರಹವನ್ನು ತಿರುಗಿಸಿ ನನ್ನ ಮುಂದೆ ಹಿಡಿದಳು. ನೈಲಾನ್ ಎಳೆ ಸುಟ್ಟುಹೋಗಿತ್ತು. ಆದರೆ ಆಂಟೆನಾದ ಮೇಲೆ ಅವ್ವ ಮೂರು ಸುತ್ತು ಸುತ್ತಿದ್ದ ಅರಿಶಿನದ ದಾರ ಗಟ್ಟಿಯಾಗಿ ಕೂತಿತ್ತು. ಬೆಳಿಗ್ಗೆಯೇ ಅದನ್ನು ನೋಡಿದ್ದೆ. ಪೂಜೆಯ ದಾರ, ಇರಲಿ ಎಂದು ನಾನೇ ಬಿಟ್ಟಿದ್ದೆ.

ಆ ಸಿಟ್ಟಿನಲ್ಲೇ ಮನೆಗೆ ಫೋನು ಹಚ್ಚಿದೆ. "ಅವ್ವಾ, ಇಷ್ಟ್ಯಾಕ ಬಿಗಿ ಕಟ್ಟೀದಿ?"

"ಮತ್ತ, ಸಡ್ಲ ಕಟ್ಟಿದ್ರ ಅಷ್ಟು ಮ್ಯಾಲ ಹೋದಾಗ ಬಿಚ್ಚಿ ಬೀಳೂದಿಲ್ಲೇನೋ?"

ಫೋನಿನಲ್ಲಿ ಅವ್ವನ ಮಾತು ಕೇಳಿಸಿಕೊಂಡ ಗೆಳತಿ ನಕ್ಕು ನಕ್ಕು ಕಲ್ಲಿನ ಮೇಲೆ ಕುಳಿತಳು. ಆಮೇಲೆ ನನ್ನ ಕೈಗೆ ಪೆನ್ನು ಕೊಟ್ಟಳು. ಹಾರಿಸುವ ಮುನ್ನ ನೋಡಬೇಕಾದ ಅಂಶಗಳ ಪಟ್ಟಿಯ ಕೊನೆಯ ಸಾಲು ಇಂದಿಗೂ ನನ್ನ ಅಕ್ಷರದಲ್ಲೇ ಇದೆ: ಅವ್ವನ ದಾರ ಬಿಚ್ಚಿದೆಯೇ?